ಹೆಗಲೇರಿದ ಸೈಕಲ್ಲು

ಮನುಷ್ಯನನ್ನು ಹೊತ್ತು ತಿರುಗುವ ವಾಹನಗಳಲ್ಲೆಲ್ಲ ಬೈಸಿಕಲ್ಲಿನಷ್ಟು ಸಾಧುವಾದುದು ಬೇರೊಂದಿಲ್ಲ. ಕುದುರೆಯಂತೆ ಹುರುಳಿ ಬೇಡುವುದಿಲ್ಲ. ಮೋಟಾರಿನಂತೆ ಪೆಟ್ರೋಲು ಕುಡಿಯುವುದಿಲ್ಲ. ಸರಪಳಿಗೆ ನಾಲ್ಕು ಹನಿ ಎಣ್ಣೆ, ಗಾಲಿಗಳಿಗೆ ಒಂದಿಷ್ಟು ಗಾಳಿ, ಇಷ್ಟು ಸಿಕ್ಕರೆ ಅದರ ಸಂಬಳ ಸಂದಾಯವಾದಂತೆ. ವರ್ಷಗಟ್ಟಲೆ ತನ್ನನ್ನು ಹೊತ್ತ ಸೈಕಲ್ಲನ್ನು ಒಂದು ದಿನವಾದರೂ ತಾನು ಹೊರಬೇಕಾದುದು ಸವಾರನ ಪಾಲಿಗೆ ನ್ಯಾಯವೇ ಸರಿ. ಈ ನ್ಯಾಯವನ್ನೇ ಆಟವನ್ನಾಗಿ ಮಾಡಿಕೊಂಡವರುಂಟು. ಆ ಆಟದ ಹೆಸರು ಸೈಕ್ಲೋಕ್ರಾಸ್.

ಡಾಂಬರು ರಸ್ತೆಯನ್ನು ಬಿಟ್ಟು ಹುಲ್ಲು, ಕೆಸರು, ಮರಳು, ಮರಗಳ ನಡುವಣ ಕಾಲುದಾರಿ ಇವುಗಳ ಮೇಲೆ ಸುತ್ತುಹಾಕುವ ಓಟವಿದು. ಒಂದು ಸುತ್ತಿನ ಉದ್ದ ಎರಡೂವರೆಯಿಂದ ಮೂರೂವರೆ ಕಿಲೋಮೀಟರು. ದಾರಿಯಲ್ಲಿ ಅಲ್ಲಲ್ಲಿ ಅಡ್ಡಹಲಗೆಗಳನ್ನು ನಿಲ್ಲಿಸಿರುತ್ತಾರೆ. ಅವುಗಳ ಎತ್ತರ 40 ಸೆಂಟಿಮೀಟರು ಮೀರುವಂತಿಲ್ಲ. ಎಲ್ಲಿಯೋ ಒಂದು ಕಡಿದಾದ ದಿಬ್ಬ, ಇನ್ನೆಲ್ಲಿಯೋ ಮೆಟ್ಟಿಲುಗಳ ಸಾಲು. ಅಂಥಲ್ಲಿ ಸವಾರನು ಇಳಿಯಬೇಕು, ಸೈಕಲ್ಲನ್ನು ಹೆಗಲಿಗೇರಿಸಬೇಕು, ಓಡಬೇಕು. ದಿಬ್ಬ ದಾಟಿದ ಮೇಲೆ ಮತ್ತೆ ನೆಗೆದು ಕೂಡಬೇಕು. ಟೈರಿನ ಅಗಲ 33 ಮಿಲಿಮೀಟರನ್ನು ಮೀರಬಾರದೆಂದು ದೊಡ್ಡ ಪಂದ್ಯಗಳಲ್ಲಿ ಕಟ್ಟುಪಾಡು. ಕೆಸರಿನಲ್ಲಿ ಓಡಿಸಲು ಇದಕ್ಕಿಂತ ದಪ್ಪ ಟೈರು ಅನುಕೂಲವಲ್ಲವೇ ಎಂದು ಕೇಳಬಹುದು. ಅನುಕೂಲವೇ ಹೌದು, ಅದಕ್ಕಾಗಿಯೇ ಅದನ್ನು ನಿಷೇಧಿಸಿದ್ದಾರೆ.

ಈ ವಿಚಿತ್ರದ ತವರೂರು ಫ್ರಾನ್ಸು. ಚಳಿಗಾಲದಲ್ಲಿ ಊರಿಂದೂರಿಗೆ ಹೊಲಗದ್ದೆಗಳನ್ನು ಅಡ್ಡಹಾಯ್ದು, ಬೇಲಿ ಹಾರಿ, ಯಾರು ಮೊದಲು ಮುಟ್ಟುವರೆಂದು ಸವಾರರು ಪಣ ಕಟ್ಟುತ್ತಿದ್ದರೆಂದು ಹಳಬರ ಹೇಳಿಕೆ. ಅದನ್ನು ಪದ್ಧತಿಗೆ ತಂದು 1902ರಲ್ಲಿ ಫ್ರಾನ್ಸಿನ ಮೊದಲ ರಾಷ್ಟ್ರೀಯ ಸ್ಪರ್ಧೆಯನ್ನು ನಡೆಸಿದ ಕೀರ್ತಿ ದಾನಿಯೆಲ್ ಗುಸೋ ಎಂಬುವನದು. 1910ರಲ್ಲಿ ಒಕ್ಟಾವ್ ಲಪೀಜನು ಟೂರ್ ದ ಫ್ರಾನ್ಸನ್ನು ಗೆದ್ದು, ತನ್ನ ಗೆಲುವಿಗೆ ಚಳಿಗಾಲದ ಈ ಕೆಸರಿನ ಸಾಧನೆಯೇ ಕಾರಣವೆಂದು ಹೇಳಿಕೊಂಡ ಮೇಲೆ ಆಟದ ಹೆಸರು ನಾಲ್ಕು ಕಡೆ ಹಬ್ಬಿತು. ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದುದು 1950ರಲ್ಲಿ, ಪ್ಯಾರಿಸ್ಸಿನಲ್ಲಿ. ಗೆದ್ದವನು 1947ರ ಟೂರ್ ವಿಜೇತನಾದ ಝಾಂ ರೋಬಿಕ್. ಅವನ ದೇಶದವನೇ ಆದ ಆಂದ್ರೆ ದ್ಯುಫ್ರೆಸ್ 1954ರಿಂದ 1958ರವರೆಗೆ ಸತತವಾಗಿ ಐದು ವರ್ಷ ಗೆದ್ದನು. ಬೆಲ್ಜಿಯಂನ ಎರಿಕ್ ಡಿ ವ್ಲೇಮಿಂಕನು 1966ರಿಂದ 1973ರೊಳಗೆ ಏಳು ಸಲ ಗೆದ್ದುದು ಬಹುಕಾಲ ಯಾರೂ ಮುಟ್ಟಲಾಗದ ಗಡಿಯಾಗಿ ಉಳಿಯಿತು; ಡಚ್ಚರ ಮ್ಯಾಥ್ಯೂ ವಾನ್ ಡರ್ ಪೂಲ್ ಆ ಸಂಖ್ಯೆಯನ್ನು ಮುಟ್ಟಿದುದು 2025ರಲ್ಲಿ. ಈ ಪಂದ್ಯವು ಯುರೋಪಿನ ಹೊರಗೆ ಮೊದಲ ಬಾರಿಗೆ ನಡೆದುದು 2013ರಲ್ಲಿ, ಅಮೆರಿಕೆಯ ಲೂಯಿವಿಲ್ ನಗರದಲ್ಲಿ. ಅಲ್ಲಿ ನೆರೆಯ ನೀರು ಓಟದ ಕಣಕ್ಕೇ ನುಗ್ಗುವ ಸೂಚನೆ ಕಂಡು, ಎರಡು ದಿನದ ಪಂದ್ಯಗಳನ್ನು ಒಂದೇ ದಿನದಲ್ಲಿ ಮುಗಿಸಬೇಕಾಯಿತು. ಕೆಸರನ್ನು ಪ್ರೀತಿಸುವವರಿಗೂ ಒಂದು ಮಿತಿಯುಂಟು.

ಇವೆಲ್ಲ ಶೂರರ ಕಥೆಗಳು. ಬೆಳಗಾವಿಯ ಗೃಹಸ್ಥನಿಗೆ ಇವುಗಳಿಂದ ಆಗಬೇಕಾದುದೇನು?

ಆಗಬೇಕಾದುದುಂಟು. ಈ ಓಟದ ಒಂದು ಕಟ್ಟಳೆ ಉಳಿದ ಬಹಳಷ್ಟು ಓಟಗಳಲ್ಲಿ ಕಾಣಸಿಗುವುದಿಲ್ಲ. ಇಲ್ಲಿ ಅಳೆಯುವುದು ದೂರವನ್ನಲ್ಲ, ಹೊತ್ತನ್ನು. ಉನ್ನತ ದರ್ಜೆಯ ಪುರುಷರಿಗೆ ಸುಮಾರು ಒಂದು ಗಂಟೆ. ಹವ್ಯಾಸಿಗಳಿಗೆ ಸಾಮಾನ್ಯವಾಗಿ 30ರಿಂದ 45 ನಿಮಿಷ. ಮೊದಲೆರಡು ಸುತ್ತುಗಳಿಗೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನು ನೋಡಿ ಒಟ್ಟು ಸುತ್ತುಗಳೆಷ್ಟೆಂದು ನಿಶ್ಚಯಿಸುತ್ತಾರೆ. ಕೊನೆಗೆ ಮುಂದಾಳು ಗೆರೆ ದಾಟಿದನೆಂದರೆ ಉಳಿದವರು ತಾವಿದ್ದ ಸುತ್ತನ್ನು ಮುಗಿಸಿದರೆ ಸಾಕು. ಮುಂದಿನವನು ಆರು ಸುತ್ತು ಹಾಕಿರಬಹುದು, ಹಿಂದಿನವನು ನಾಲ್ಕೇ ಹಾಕಿರಬಹುದು. ಇಬ್ಬರೂ ಬೆವರಿದುದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ರಸ್ತೆಯ ಓಟದಲ್ಲಿ ಕೊನೆಯವನು ಬರುವ ಹೊತ್ತಿಗೆ ಚಪ್ಪರವನ್ನು ಬಿಚ್ಚಿರುತ್ತಾರೆ, ಬಹುಮಾನ ಹಂಚಿರುತ್ತಾರೆ, ಚಹಾದ ಪಾತ್ರೆಯನ್ನು ತೊಳೆದಿಟ್ಟಿರುತ್ತಾರೆ. ಇಲ್ಲಿ ಆ ಅವಮಾನವಿಲ್ಲ. ಸುತ್ತು ಚಿಕ್ಕದಾದುದರಿಂದ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದು ನೋಡುವವರಿಗೆ ತಿಳಿಯದಂತಾಗಿರುತ್ತದೆ; ಮೊದಲನೆಯವನ ಬೆನ್ನಿಗೇ ಕೊನೆಯವನು ಹಾಯ್ದುಹೋಗುತ್ತಿರುತ್ತಾನೆ. ವಿಶ್ವಮಟ್ಟದ ಪಂದ್ಯಗಳಲ್ಲಿ ಮಾತ್ರ ತೀರ ಹಿಂದುಳಿದವರನ್ನು ನಡುವೆಯೇ ಹೊರಗೆ ಕರೆಯುವ ನಿಯಮವುಂಟು. ಹವ್ಯಾಸಿಗಳ ವಿಷಯದಲ್ಲಿ ಅಷ್ಟು ಕಠಿನರಾಗುವುದು ವಿರಳ.

ಇಂಥ ಓಟಕ್ಕೆ ನಮ್ಮ ನಾಡಿನಲ್ಲಿ ಒಂದು ಕಣವನ್ನು ಹುಡುಕಬೇಕೆಂದರೆ ಬೆಳಗಾವಿ ಮತ್ತು ಖಾನಾಪುರಗಳಿಗಿಂತ ತಕ್ಕ ಸ್ಥಳ ಸಿಗುವುದು ಕಷ್ಟ. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿರುವ ಬೆಳಗಾವಿಗೆ ಚಳಿಗಾಲ ಒಂದಲ್ಲ, ಎರಡು. ಪುನರ್ವಸು, ಪುಷ್ಯ ಮಳೆಗಳ ಕಾಲಕ್ಕೆ ಪಶ್ಚಿಮದ ಗಾಳಿ ಹೊತ್ತು ತರುವ ಹಸಿ ಥಂಡಿ ಒಂದು. ಸಂಕ್ರಾಂತಿಯ ಆಸುಪಾಸಿನ ಒಣ ಚಳಿ ಇನ್ನೊಂದು. ಮೊದಲನೆಯದರಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಎರಡನೆಯದರಲ್ಲಿ ಉಷ್ಣಮಾನವು 10 ಡಿಗ್ರಿಯ ಸುತ್ತಮುತ್ತ ಇಳಿದು, ದಂಡಿನ ಪ್ರದೇಶದ ಮರಗಳ ಮೇಲೆಲ್ಲ ಮಂಜು ಕವಿದು, ಮನೆಯ ಹಿರಿಯರು ಕೌದಿಯೊಳಗಿಂದಲೇ ಚಹಾ ಕೇಳುವ ದಿನಗಳು ಬರುತ್ತವೆ. 2012ರಲ್ಲಿ ಸುವರ್ಣ ವಿಧಾನಸೌಧ ಆರಂಭವಾದ ಮೇಲೆ ರಾಜ್ಯದ ಶಾಸಕರಿಗೂ ಈ ಚಳಿಯ ಪರಿಚಯ ಬಹುತೇಕ ವರ್ಷಗಳಲ್ಲಿ ಆಗುತ್ತಿದೆ.

ಬೆಳಗಾವಿಯಿಂದ ಗೋವೆಯ ದಾರಿ ಹಿಡಿದು ಪೀರನವಾಡಿ, ಮಚ್ಛೆಗಳನ್ನು ದಾಟಿ ದಕ್ಷಿಣಕ್ಕೆ ಹೊರಟರೆ ಸುಮಾರು 25 ಕಿಲೋಮೀಟರಿಗೆ ಖಾನಾಪುರ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇನ್ನೂ ಬಾಲೆಯಾಗಿರುವಾಗಲೇ ಈ ಊರಿನ ಪಕ್ಕದಲ್ಲಿ ಹಾಯ್ದು ಬರುತ್ತಾಳೆ. ತಾಲೂಕಿನ ಪಶ್ಚಿಮಕ್ಕೆ ಭೀಮಗಡದ ದಟ್ಟ ಕಾಡು. ಪೂರ್ವಕ್ಕೆ ಬಂದಂತೆ ಭತ್ತದ ಗದ್ದೆಗಳು. ನೆಲ ಕೆಂಪು, ಮಣ್ಣು ಜಿಗುಟು. ಖಾನಾಪುರದ ಹೆಂಚು, ಇಟ್ಟಿಗೆ, ಕುಂಬಾರಿಕೆಗಳಿಗೆ ಹೆಸರು ತಂದ ಮಣ್ಣು ಇದೇ. ಕುಂಬಾರನ ಚಕ್ರಕ್ಕೆ ಒಲಿಯುವ ಮಣ್ಣು ಸೈಕಲ್ಲಿನ ಚಕ್ರಕ್ಕೂ ಒಲಿಯುತ್ತದೆ, ಒಲಿದರೆ ಬಿಡುವುದಿಲ್ಲ. ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿಗೂ ಮುಂಗವಲಿಗೂ ನಡುವೆ ಅದು ಮುದ್ದೆಗಟ್ಟಿ, ಗಾಲಿ ತಿರುಗುವುದನ್ನೇ ನಿಲ್ಲಿಸಿಬಿಡುತ್ತದೆ. ಬೆಲ್ಜಿಯಂನ ದೊಡ್ಡ ಸವಾರರು ಇದಕ್ಕಾಗಿಯೇ ಇನ್ನೊಂದು ಸೈಕಲ್ಲನ್ನು ದಾರಿಯ ಪಕ್ಕದಲ್ಲಿ ಸಿದ್ಧವಾಗಿಟ್ಟಿರುತ್ತಾರೆ. ಕೆಸರಾದುದನ್ನು ಕೊಟ್ಟು, ತೊಳೆದುದನ್ನು ಪಡೆದು, ಮುಂದಿನ ಸುತ್ತಿಗೆ ಹೋಗುತ್ತಾರೆ. ತಿಂಗಳ ಸಂಬಳದವನಿಗೆ ಇರುವುದು ಒಂದೇ ಸೈಕಲ್ಲು. ಅವನು ಬೆರಳಿನಿಂದಲೇ ಕೆಸರನ್ನು ಕೆರೆದು ತೆಗೆಯಬೇಕು.

ಸುಗ್ಗಿ ಮುಗಿದು ಗದ್ದೆಗಳು ಬರಿದಾಗಿರುವ ಪುಷ್ಯಮಾಸದ ಒಂದು ಮುಂಜಾವಿನಲ್ಲಿ, ಖಾನಾಪುರದ ಹೊರಗೆ ಇಂಥದೊಂದು ಓಟ ಹೂಡಿದೆಯೆಂದು ವಾಚಕರು ಕಲ್ಪಿಸಿಕೊಳ್ಳಲಿ. ಮಾವಿನ ತೋಪಿನಿಂದ ಹೊರಟು, ಕೂಳೆಗಳು ಚುಚ್ಚುವ ಗದ್ದೆಯನ್ನು ಹಾಯ್ದು, ಮೂರು ಬದುಗಳನ್ನು ದಾಟಿ, ಹೊಳೆಯ ಅಂಚಿನ ಹಸಿ ಮಣ್ಣಿಗಿಳಿದು, ಅಲ್ಲಿಂದ ಜಂಬಿಟ್ಟಿಗೆಯ ದಿಬ್ಬವನ್ನು ಏರಿ ಮತ್ತೆ ತೋಪಿಗೆ ಬರುವ ದಾರಿ. ಬೆಳಗಾವಿಯ ಟಿಳಕವಾಡಿಯಿಂದಲೋ ಶಹಾಪುರದಿಂದಲೋ ಬಂದ ಗೃಹಸ್ಥನೊಬ್ಬನು ಗೆರೆಯ ಮೇಲೆ ನಿಂತಿದ್ದಾನೆ. ವಯಸ್ಸು ನಲವತ್ತೆರಡು. ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ. ಬದುವಿನ ಮೇಲೆ ಹೆಂಡತಿ, ಇಬ್ಬರು ಮಕ್ಕಳು, ಒಂದು ಚಹಾದ ಫ್ಲಾಸ್ಕು. ಹೊರಡುವಾಗಲೇ ಆಕೆ, “ಈ ವಯಸ್ಸಿನ್ಯಾಗ ಇದೆಲ್ಲ ಯಾಕ ಬೇಕಾಗಿತ್ರೀ?” ಎಂದು ಕೇಳಿ ಆಗಿದೆ. ಉತ್ತರ ಬಂದಿಲ್ಲ.

ಚಳಿಯಲ್ಲಿ ಮೊದಲು ಕೈಕೊಡುವುದು ಕೈಯೇ. ಹೊರಗೆ ಥಂಡಿ ಹೆಚ್ಚಿದೊಡನೆ ಶರೀರವು ಒಳಗಿನ ಶಾಖವನ್ನು ಕಾಪಾಡಿಕೊಳ್ಳಲೆಂದು ಬೆರಳುಗಳ ರಕ್ತನಾಳಗಳನ್ನು ಕಿರಿದುಗೊಳಿಸುತ್ತದೆ. ಮನೆಯ ಯಜಮಾನನು ಕಷ್ಟಕಾಲದಲ್ಲಿ ಹೊರಬಾಗಿಲಿನ ದೀಪವನ್ನು ಆರಿಸಿ ಅಡುಗೆಮನೆಯ ದೀಪವನ್ನು ಉಳಿಸಿಕೊಳ್ಳುವಂತೆಯೇ ಇದು. ಶರೀರದ ಲೆಕ್ಕ ಸರಿಯಾದುದೇ. ಆದರೆ ಸೈಕಲ್ಲಿನ ಬ್ರೇಕು ಇರುವುದು ಬೆರಳುಗಳ ವಶದಲ್ಲಿ. ಮರಗಟ್ಟಿದ ಬೆರಳಿಗೆ ತಾನು ಎಷ್ಟು ಒತ್ತಿದೆನೆಂಬುದೇ ತಿಳಿಯುವುದಿಲ್ಲ. ಸವಾರಿಯ ವೇಗ ಎಬ್ಬಿಸುವ ಗಾಳಿಯಿಂದ ಚಳಿ ಇಮ್ಮಡಿಯಾದಂತೆನಿಸುತ್ತದೆ. ಹಾಗೆಂದು ಸ್ವೆಟರಿನ ಮೇಲೆ ಸ್ವೆಟರು ತೊಟ್ಟು ಬಂದವನಿಗೆ ಬೇರೆ ಶಿಕ್ಷೆ ಕಾದಿರುತ್ತದೆ. ಐದು ನಿಮಿಷದಲ್ಲಿ ಒಳಗೆಲ್ಲ ಬೆವರಿ, ಆ ಬೆವರು ಆರುವಾಗ ಮೈಯ ಶಾಖವನ್ನೆಲ್ಲ ಹೀರಿಕೊಂಡು ಹೋಗುತ್ತದೆ. ಆದುದರಿಂದ ಬಲ್ಲವರು ಗೆರೆಯ ಮೇಲೆ ತುಸು ನಡುಗುವಷ್ಟೇ ಬಟ್ಟೆಯಲ್ಲಿ ನಿಲ್ಲುತ್ತಾರೆ. ಹೊರಡುವ ಮುನ್ನ ಹದಿನೈದು ಇಪ್ಪತ್ತು ನಿಮಿಷ ಅಲ್ಲಲ್ಲೇ ತುಳಿದು ಮೈ ಕಾಯಿಸಿಕೊಂಡಿರುತ್ತಾರೆ. ಟೈರಿನ ಗಾಳಿಯನ್ನೂ ಇಳಿಸಿರುತ್ತಾರೆ. ಬಿರುಸಾದ ಟೈರು ಕೆಸರಿನ ಮೇಲೆ ಜಾರುತ್ತದೆ. ಮೆತ್ತಗಿನದು ನೆಲವನ್ನು ಹಿಡಿಯುತ್ತದೆ.

ಸೀಟಿ ಊದುತ್ತದೆ. ಎಲ್ಲರೂ ಒಂದೇ ಉಸಿರಿಗೆ ಮುನ್ನುಗ್ಗುತ್ತಾರೆ. ಮುಂದೆ ದಾರಿ ಕಿರಿದಾಗುವುದರಿಂದ ಮೊದಲು ಹೊಕ್ಕವನಿಗೆ ಲಾಭ. ನಮ್ಮ ಗೃಹಸ್ಥನೂ ಉಳಿದವರನ್ನು ನೋಡಿ ನುಗ್ಗುತ್ತಾನೆ. ಮೊದಲ ಬದು ಮುಟ್ಟುವ ಮುನ್ನವೇ ಎದೆಯಲ್ಲಿ ನಗಾರಿ ಬಾರಿಸತೊಡಗುತ್ತದೆ.

ಇನ್ನು ಇಳಿಯುವ ಮಾತು. ಬೆಲ್ಜಿಯಂನ ಹುಡುಗರು ಇದನ್ನು ಹುಲ್ಲಿನ ಮೇಲೆ ನೂರಾರು ಸಲ ಅಭ್ಯಾಸಮಾಡಿ ಕಲಿಯುತ್ತಾರೆ. ಸೈಕಲ್ಲು ಓಡುತ್ತಿರುವಾಗಲೇ ಬಲಗಾಲನ್ನು ಹಿಂದಿನಿಂದ ಸುತ್ತಿ ಎಡಕ್ಕೆ ತರುವುದು, ಎಡ ಪೆಡಲಿನ ಮೇಲೆ ಒಂದೇ ಕಾಲಿನಲ್ಲಿ ನಿಂತು ತೇಲುವುದು, ನೆಲ ಮುಟ್ಟಿದೊಡನೆ ಓಡುವುದು. ಇದನ್ನು ಓದಿದ ಕೂಡಲೇ ಹಿರಿಯ ವಾಚಕರಿಗೆ ನಗು ಬಂದೀತು. ನಮ್ಮ ಶಾಲೆಯ ಮಾಸ್ತರರು ಧೋತರದ ಚುಂಗನ್ನು ಕೈಯಲ್ಲಿ ಹಿಡಿದು, ಶಾಲೆಯ ಬಾಗಿಲಲ್ಲಿ ಸೈಕಲ್ಲಿನಿಂದ ಇಳಿಯುತ್ತಿದ್ದುದು ಹೀಗೆಯೇ ಅಲ್ಲವೇ? ಅಂಚೆಯವನು, ಹಾಲಿನವನು, ಎಲ್ಲರೂ ಇಳಿಯುತ್ತಿದ್ದುದು ಹೀಗೆಯೇ. ಒಳಪೆಡಲು ಹೊಡೆದು ಸೈಕಲ್ಲು ಕಲಿತ ಹುಡುಗರಿಗೆ ಎಡ ಪೆಡಲಿನ ಮೇಲೆ ಒಂಟಿಕಾಲಲ್ಲಿ ತೇಲುವುದೇ ಮೊದಲ ಪಾಠವಾಗಿತ್ತು. ಸುಮಾರು 20 ಕಿಲೋ ತೂಕದ ಕಪ್ಪು ಸೈಕಲ್ಲಿನ ಮೇಲೆ ನಾವು ನಿತ್ಯವೂ ಮಾಡಿದುದನ್ನೇ ಅವರು ಅದರ ಅರ್ಧಕ್ಕಿಂತ ಕಡಿಮೆ ತೂಕದ ಸೈಕಲ್ಲಿನ ಮೇಲೆ ಮಾಡಿ ಪದಕ ಗೆಲ್ಲುತ್ತಾರೆ.

ಹೊರುವ ವಿಷಯವೂ ಅಷ್ಟೇ. ಬಲಗೈಯಿಂದ ಚೌಕಟ್ಟನ್ನು ಹಿಡಿದೆತ್ತಿ, ಮೇಲ್ಕೊಳವೆಯನ್ನು ಬಲ ಹೆಗಲಿಗೆ ಕೂಡಿಸಿ, ಕೈಯನ್ನು ಅಡಿಯಿಂದ ತೂರಿಸಿ ಹ್ಯಾಂಡಲ್ಲನ್ನು ಹಿಡಿದುಕೊಳ್ಳಬೇಕು. ಇಲ್ಲವಾದರೆ ಮುಂಗಾಲಿ ತಿರುಗಿ ಮೋರೆಗೆ ಬಡಿಯುತ್ತದೆ. ಖಾನಾಪುರದ ಹಳ್ಳಿಗಾಡಿನಲ್ಲಿ ಮಳೆಗಾಲದ ಹಳ್ಳ ದಾಟುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ಗದ್ದೆಯ ಒಡೆಯನಾದ ರೈತನು ಬದುವಿನ ಮೇಲೆ ನಿಂತು ಈ ವೈಭವವನ್ನು ನೋಡಿ, ಕನ್ನಡದಲ್ಲೋ ಮರಾಠಿಯಲ್ಲೋ ಒಂದು ಪ್ರಶ್ನೆಯನ್ನು ಕೇಳದೆ ಬಿಡಲಾರ: “ಸೈಕಲ್ಲ ಹೊತ್ಕೊಂಡು ಓಡೂದಾದ್ರ, ಮನ್ಯಾಗ ಬಿಟ್ಟು ಬಂದಿದ್ರ ಹಗುರ ಆಗ್ತಿತ್ತಲ್ರೀ ಸಾಹೇಬ್ರ?”

ಪ್ರಶ್ನೆ ನ್ಯಾಯವಾದುದು. ಇದಕ್ಕೆ ಕೊಡಬಹುದಾದ ಉತ್ತರವೆಂದರೆ, ಈ ಆಟದಲ್ಲಿ ಇಳಿಯುವುದು ಸೋಲಲ್ಲ. ಬೇರೆಡೆ ಏರಿನಲ್ಲಿ ಇಳಿದು ತಳ್ಳಿದವನು ತಲೆತಗ್ಗಿಸುತ್ತಾನೆ. ಇಲ್ಲಿ ಎಲ್ಲಿ ಇಳಿಯಬೇಕೆಂದು ಮೊದಲೇ ತಿಳಿದು, ಕೆಸರು ಹಿಡಿಯುವ ಮುನ್ನವೇ ಇಳಿದವನು ಜಾಣ. ಹಟಹಿಡಿದು ತುಳಿಯುತ್ತ ನಡುಕೆಸರಿನಲ್ಲಿ ಸಿಕ್ಕಿಬಿದ್ದವನನ್ನು ಅವನು ನಡೆದುಕೊಂಡೇ ಹಿಂದೆ ಹಾಕುತ್ತಾನೆ.

ನಮ್ಮವರಿಗೆ ಸೈಕಲ್ಲಿನ ಪಂದ್ಯ ಹೊಸದಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತಿನಂತೆ ಸೈಕಲ್ ಶರ್ಯತ್ತೂ ಉಂಟು. ವಿಜಯಪುರ, ಬಾಗಲಕೋಟೆಗಳ ಸೀಮೆಯಂತೂ ಸೈಕಲ್ ಓಟಗಾರರ ತವರೇ ಆಗಿದೆ. ಅಲ್ಲಿ ಸೈಕಲ್ಲಿಗೆಂದೇ ಸರಕಾರದ ಕ್ರೀಡಾ ವಸತಿನಿಲಯಗಳುಂಟು. ಒಣಬೇಸಾಯದ ಮನೆಗಳ ಹುಡುಗರು ಮಾತ್ರವಲ್ಲ, ಹುಡುಗಿಯರೂ ಅಲ್ಲಿಂದ ಹೊರಟು ರಾಷ್ಟ್ರೀಯ ಪಂದ್ಯಗಳಲ್ಲಿ ಪದಕ ತಂದಿದ್ದಾರೆ. ಹುಡುಗಿಯರ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಸೈಕ್ಲೋಕ್ರಾಸಿನ ವಿಶ್ವ ಪಂದ್ಯದಲ್ಲಿ ಸ್ತ್ರೀಯರಿಗೆ ಸ್ಥಾನ ದೊರೆತುದು 2000ದಲ್ಲಿ, ಅಂದರೆ ಪುರುಷರಿಗಿಂತ ಐವತ್ತು ವರ್ಷ ತಡವಾಗಿ. ಜರ್ಮನಿಯ ಹಂಕಾ ಕುಪ್ಫರ್‌ನಾಗೆಲ್ ಮೊದಲನೆಯ ವಿಜೇತೆ. ಡಚ್ಚರ ಮರಿಯಾನೆ ವೋಸ್ 2022ರ ವೇಳೆಗೆ ಎಂಟು ಸಲ ಗೆದ್ದಿದ್ದಳು. ತಡವಾಗಿ ಬಾಗಿಲು ತೆರೆದವರು ಈ ಎಣಿಕೆಯನ್ನು ನೋಡಿ ಏನೆಂದುಕೊಂಡರೋ! ನಮ್ಮಲ್ಲಿ 2006–07ರಲ್ಲಿ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಲು ತೊಡಗಿತು. ಆ ಯೋಜನೆಯ ವರ್ಷಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಸಾಲುಗಟ್ಟಿ ಸೈಕಲ್ ತುಳಿದು ಶಾಲೆಗೆ ಬರುವ ನೋಟ ಸಾಮಾನ್ಯವಾಯಿತು. ಆ ಹುಡುಗಿಯರಲ್ಲಿ ಎಷ್ಟೋ ಮಂದಿ ಇಂದು ಗೃಹಿಣಿಯರು. ಬದುವಿನ ಮೇಲೆ ಫ್ಲಾಸ್ಕು ಹಿಡಿದು ನಿಂತವಳೂ ಅಂಥವಳೇ ಆಗಿದ್ದರೆ, ಮುಂದಿನ ಸಲ ಫ್ಲಾಸ್ಕು ಯಾರ ಕೈಯಲ್ಲಿರುವುದೆಂದು ಹೇಳಲಾಗದು.

ಈಗ ಮೂರನೆಯ ಸುತ್ತು. ಹವ್ಯಾಸಿಯ ನಿಜವಾದ ಪರೀಕ್ಷೆ ಇಲ್ಲಿಂದ ಮುಂದೆ. ಆರಂಭದ ಆವೇಶ ಇಳಿದಿದೆ. ಗಂಟಲಲ್ಲಿ ತಣ್ಣನೆಯ ಗಾಳಿ ಗರಗಸದಂತೆ ಆಡುತ್ತಿದೆ. ಹೊಳೆಯಂಚಿನಲ್ಲಿ ಒಮ್ಮೆ ಬಿದ್ದು ಎದ್ದಾಗಿದೆ; ಮೊಣಕಾಲಿನ ನೋವು ಚಳಿಯಿಂದಾಗಿ ಇನ್ನೂ ತಿಳಿದಿಲ್ಲ. ಹದಿನೆಂಟು ವರ್ಷದ ಹುಡುಗನೊಬ್ಬನು ಒಂದು ಸುತ್ತು ಹೆಚ್ಚಾಗಿ ಹಾಕಿ, “ಬಾಜೂ ಕಾಕಾ!” ಎಂದು ಕೂಗಿ ಪಕ್ಕದಲ್ಲೇ ಹಾಯ್ದುಹೋಗಿದ್ದಾನೆ. ರಸ್ತೆಯ ದೂರದ ಸವಾರಿಯಲ್ಲಾದರೆ ಮನಸ್ಸಿಗೆ ಒಂದು ಕಟ್ಟು ಇರುತ್ತದೆ. ಕರ್ನಾಟಕದ ಅನೇಕ ನಗರಗಳ ಹವ್ಯಾಸಿಗಳು ಈಗ ಮಾಡುತ್ತಿರುವ 200 ಕಿಲೋಮೀಟರಿನ ಸವಾರಿಗೆ ಹದಿಮೂರೂವರೆ ಗಂಟೆಯ ಗಡುವು. ನೂರನೆಯ ಕಿಲೋಮೀಟರಿನಲ್ಲಿ ಬೇಸತ್ತರೂ ಮನೆಗೆ ಹೇಗಾದರೂ ಮರಳಲೇಬೇಕಷ್ಟೆ, ತುಳಿಯದೆ ಗತಿಯಿಲ್ಲ. ಇಲ್ಲಿ ಹಾಗಲ್ಲ. ದಾರಿಯು ಎಂಟು ನಿಮಿಷಕ್ಕೊಮ್ಮೆ ಅದೇ ಮಾವಿನ ತೋಪಿಗೆ ಬರುತ್ತದೆ. ಅಲ್ಲಿ ಅವನ ಬೆಚ್ಚನೆಯ ಕೋಟು ಇದೆ, ಚಹಾ ಇದೆ, ಕುಳಿತುಕೊಳ್ಳಲು ಚಾಪೆ ಇದೆ. ನಡುವೆ ಇರುವುದು ಒಂದು ಬಟ್ಟೆಯ ಪಟ್ಟಿ ಮಾತ್ರ. ಅದರ ಅಡಿಯಲ್ಲಿ ನುಸುಳಿದರೆ ಮುಗಿಯಿತು. ಯಾರೂ ಬೈಯುವುದಿಲ್ಲ, ಯಾರೂ ನಗುವುದಿಲ್ಲ. “ಸರಪಳಿ ಕೈಕೊಟ್ಟಿತು” ಎಂದರೆ ನಂಬುವವರು ಬೇಕಾದಷ್ಟು ಮಂದಿ. ಪ್ರತಿ ಸುತ್ತಿಗೂ ಬಾಗಿಲು ತೆರೆದೇ ಇರುವ ಇಂಥ ಪರೀಕ್ಷೆ ಬಾಗಿಲು ಮುಚ್ಚಿದ ಪರೀಕ್ಷೆಗಿಂತ ಕಠಿನವೆಂದು ತೋರುತ್ತದೆ.

ತೋಪಿನ ತಿರುವಿನಲ್ಲಿ ಮಗನು ಗಂಟಲು ಹರಿಯುವಂತೆ ಕೂಗುತ್ತಾನೆ: “ಅಪ್ಪಾ, ನಿನ್ನ ಹಿಂದ ಒಬ್ಬಾಂವ ಅದಾನ!” ಮಕ್ಕಳು ಸುಳ್ಳು ಹೇಳುವುದಿಲ್ಲ. ತನ್ನ ಹಿಂದೆ ಒಬ್ಬನಿದ್ದಾನೆಂಬ ಸುದ್ದಿಯಿಂದ ಗೃಹಸ್ಥನಿಗೆ ಬಂದ ಬಲವನ್ನು ಯಾವ ಟಾನಿಕ್ಕೂ ಕೊಟ್ಟೀತೆಂದು ಹೇಳಲಾಗದು. ಆ ಹಿಂದಿನವನು ಅವನಷ್ಟೇ ವಯಸ್ಸಾದವನು, ಅವನಷ್ಟೇ ಏದುಸಿರಿನವನು. ಅಲ್ಲಿಂದ ಮುಂದೆ ಇಬ್ಬರಿಗೂ ಲೋಕದಲ್ಲಿ ಬೇರೆ ಯಾರೂ ಇಲ್ಲ. ಜಂಬಿಟ್ಟಿಗೆಯ ದಿಬ್ಬದಲ್ಲಿ ಇಬ್ಬರೂ ಸೈಕಲ್ಲನ್ನು ಹೆಗಲಿಗೇರಿಸಿ, ಮುಗ್ಗರಿಸುತ್ತ, ಒಬ್ಬರ ಗಾಲಿ ಇನ್ನೊಬ್ಬರ ಬೆನ್ನಿಗೆ ತಾಗುವಂತೆ ಹತ್ತುತ್ತಾರೆ. ಮೊದಲ ಸ್ಥಾನಕ್ಕಾಗಿ ನಡೆದ ಹೋರಾಟ ಆಗಲೇ ಮುಗಿದು ಗೆದ್ದವನು ಮುಖ ಒರೆಸಿಕೊಳ್ಳುತ್ತಿದ್ದಾನೆ. ಬದುವಿನ ಮೇಲಿನ ಜನರೆಲ್ಲ ಈಗ ಈ ಕಡೆ ತಿರುಗಿದ್ದಾರೆ. ಇಪ್ಪತ್ತೊಂಬತ್ತನೆಯ ಸ್ಥಾನಕ್ಕೂ ಮೂವತ್ತನೆಯ ಸ್ಥಾನಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂಬುದು ಅದನ್ನು ದಾಟಿದವನಿಗೇ ಗೊತ್ತು.

ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ಓಟದಲ್ಲಿ ಹೃದಯವು ಮೊದಲ ನಿಮಿಷದಿಂದಲೇ ತನ್ನ ಶಕ್ತಿಯ ತುದಿಗೆ ಏರುತ್ತದೆ; ನಡುವೆ ವಿಶ್ರಾಂತಿಯೆಂಬುದಿಲ್ಲ. ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆಯ ತೊಂದರೆಗಳಿದ್ದವರು, ವೈದ್ಯರನ್ನು ಕಾಣದೆ ಹುಮ್ಮಸ್ಸಿನ ಮೇಲೆಯೇ ಇಳಿಯುವುದು ಸಲ್ಲದು. ಕೆಲವು ತಿಂಗಳ ಬೆಳಗಿನ ಸವಾರಿ, ವಾರಕ್ಕೊಂದೆರಡು ಸಲ ಏರು ಓಡುವ ಅಭ್ಯಾಸ, ಹುಲ್ಲಿನ ಮೇಲೆ ಇಳಿದು ಹತ್ತುವ ಪಾಠ, ಇಷ್ಟಾದ ಮೇಲೆ ಕೆಸರಿನ ವಿಚಾರ. ಹೊಸ ಸೈಕಲ್ಲನ್ನು ಕೊಳ್ಳಲೇಬೇಕೆಂದಿಲ್ಲ. ಹವ್ಯಾಸಿಗಳ ಓಟಗಳಲ್ಲಿ ಬೆಟ್ಟದ ಸವಾರಿಯ ದಪ್ಪ ಟೈರಿನ ಸೈಕಲ್ಲಿಗೂ ಬಹುಮಟ್ಟಿಗೆ ಅಡ್ಡಿಯಿಲ್ಲ. ಶಿರಸ್ತ್ರಾಣ ಮಾತ್ರ ತಪ್ಪಬಾರದು.

ಓಟ ಮುಗಿದ ಮೇಲೆ ಮಾಡಬೇಕಾದ ಕೆಲಸಗಳಿಗೂ ಒಂದು ಕ್ರಮವುಂಟು. ಮೊದಲು ಒದ್ದೆ ಬಟ್ಟೆಯನ್ನು ಕಳಚಬೇಕು. ಕಾಲು ನಿಂತೊಡನೆ ಮೈಯ ಬಿಸಿ ಇಳಿಯತೊಡಗುವುದರಿಂದ, ಗೆದ್ದೆನೋ ಸೋತೆನೋ ಎಂಬ ಹರಟೆಯಲ್ಲಿ ಹತ್ತು ನಿಮಿಷ ಕಳೆದರೂ ನಡುಕ ಹಿಡಿಯುತ್ತದೆ. ಆಮೇಲೆ ಒಣ ಬಟ್ಟೆ, ಟೊಪ್ಪಿಗೆ, ಬಿಸಿ ಚಹಾ. ಬೆರಳುಗಳಿಗೆ ರಕ್ತ ಮರಳುವಾಗ ಆಗುವ ಚುಚ್ಚುನೋವಿಗೆ ಹಲ್ಲು ಕಚ್ಚುವುದೇ ಔಷಧ. ಸೈಕಲ್ಲನ್ನು ಅಂದೇ ತೊಳೆಯಬೇಕು. ನಾಳೆ ನೋಡೋಣವೆಂದರೆ ಖಾನಾಪುರದ ಮಣ್ಣು ರಾತ್ರಿಯೊಳಗೆ ಒಣಗಿ ಹೆಂಚಿನಂತಾಗಿರುತ್ತದೆ. ಕಡ್ಡಿಯಿಂದ ಸರಪಳಿಯ ಸಂದುಗಳನ್ನು ಬಿಡಿಸಿ, ಒರೆಸಿ, ಎಣ್ಣೆ ಬಿಟ್ಟು ಗೋಡೆಗೆ ಒರಗಿಸುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆ ದಿನ ತೊಟ್ಟ ಬಿಳಿಯ ಬನಿಯನ್ನಿನ ಬಲ ಹೆಗಲ ಮೇಲೆ, ಚೌಕಟ್ಟು ಕೂತ ಜಾಗದಲ್ಲಿ, ಒಂದು ಕೆಂಪು ಪಟ್ಟೆ ಬಿದ್ದಿರುತ್ತದೆ. ಮೂರು ಸಲ ಸಾಬೂನು ತಿಕ್ಕಿದರೂ ಅದು ಹೋಗುವುದಿಲ್ಲ.